ಡ್ರ್ಯಾಗನ್ ಬಳಗಕ್ಕೆ ಪ್ರೊಫೈಲು, ಮ್ಯಾಪು: ನಮ್ಮ ಕರಾವಳಿಯಲ್ಲಿ ಶುರು ಮಾಡುವವರಿಗೆ

ತಾನು ಒಳಗಿಂದ ಡ್ರ್ಯಾಗನ್ ಅಂತ ಗುರುತಿಸಿಕೊಳ್ಳುವವರಿಗೆ ಆನ್‌ಲೈನಲ್ಲಿ ಒಂದು ಜಾಗ ಮಾಡ್ಬೇಕು, ಒಬ್ಬೊಬ್ಬರಿಗೂ ಒಂದು ಪ್ರೊಫೈಲು, ಯಾರು ಯಾವ ಕಡೆ ಇದ್ದಾರೆ ಅಂತ ತೋರಿಸ್ಲಿಕ್ಕೆ ಒಂದು ಮ್ಯಾಪು, ಅದಕ್ಕೆ ಎಂತೆಲ್ಲ ಬೇಕು ಅಂತ ಕೇಳಿ ಮೆಸೇಜು ಬರ್ತಾನೇ ಉಂಟು. ಮಣಿಪಾಲದ ಹಾಸ್ಟೆಲಿಂದ ಕೇಳುವವರಿದ್ದಾರೆ, ಸುರತ್ಕಲ್ ಕಡೆಯವರಿದ್ದಾರೆ, ಊರು ಗೀರು ಎಂತದೂ ಹೇಳದೆ ಖಾಲಿ ಡಿಪಿಯ ಐಡಿಯಿಂದ ಕೇಳುವವರೂ ಇದ್ದಾರೆ (ಹಾಗೆ ಕೇಳಿದವರಿಗೆ ಅರ್ಧ ಪಾಠ ಆಗ್ಲೇ ಗೊತ್ತುಂಟು). ಒಬ್ಬೊಬ್ಬರಿಗೆ ಬೇರೆ ಬೇರೆ ಟೈಪ್ ಮಾಡುದಕ್ಕಿಂತ ಒಂದೇ ಕಡೆ ಬರೆದು ಹಾಕ್ತೇನೆ.

ಎಲ್ಲರದ್ದೂ ಮೊದಲನೇ ಪ್ರಶ್ನೆ ಯಾವ ಸಾಫ್ಟ್‌ವೇರ್ ಅಂತ. ಅದು ಕೊನೆಗೆ ಕೇಳ್ಬೇಕಾದ ಪ್ರಶ್ನೆ ಮಾರಾಯ್ರೆ. ಅದಕ್ಕಿಂತ ದೊಡ್ಡ ತಲೆಬಿಸಿ ಎಂತ ಅಂದ್ರೆ ನಮ್ಮದು ಸಣ್ಣ ಊರು. ದೊಡ್ಡ ಮಹಾನಗರದಲ್ಲಿ ಮ್ಯಾಪಲ್ಲಿ ಒಂದು ಚುಕ್ಕೆ ಇಟ್ರೆ ಅದು ಲಕ್ಷಗಟ್ಟಲೆ ಜನರ ನಡುವೆ ಕರಗಿ ಹೋಗ್ತದೆ. ನಮ್ಮಲ್ಲಿ ಹೆಬ್ರಿಯಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ "22 ವರ್ಷ, ಇಂಜಿನಿಯರಿಂಗ್" ಅಂತ ಇದ್ರೆ ಸಾಕು, ಸಂಜೆ ಆಗುವ ಮೊದ್ಲು "ಓ ಅವ್ರ ಮಗನಾ" ಅಂತ ಆಗಿರ್ತದೆ. ನೀವು ಯಾರ ಪೈಕಿ, ಮನೆ ಎಲ್ಲಾಯ್ತು ಅಂತ ಬಸ್ಸಲ್ಲಿ ಪಕ್ಕ ಕೂತವರೇ ಕೇಳುವ ಊರು ಇದು. ಹಾಗಾಗಿ ಕೆಳಗೆ ಹೇಳಿದ್ದರಲ್ಲಿ ಬೇರೆ ಏನು ಬಿಟ್ರೂ ಮ್ಯಾಪಿನ ಹಂತ ಬಿಡ್ಬೇಡಿ.

ಮೊದ್ಲು ನಾಲ್ಕು ಪದ

ಈ ವಿಷಯ ಹೊಸತಾದವರಿಗೆ ಮಾತ್ರ ಇದು, ಗೊತ್ತಿದ್ದವರು ಹಾರಿಸಿ ಹೋಗಿ.

ಅದರ್‌ಕಿನ್ ಅಂದ್ರೆ ದೇಹ ಮನುಷ್ಯನದ್ದೇ ಆದ್ರೂ ಮನಸ್ಸಿನಿಂದಲೋ ಆತ್ಮದಿಂದಲೋ ತಾನು ಪೂರ್ತಿ ಮನುಷ್ಯ ಅಲ್ಲ ಅಂತ ಗುರುತಿಸಿಕೊಳ್ಳುವವರು. ಅವ್ರಲ್ಲಿ ಡ್ರ್ಯಾಗನ್ ಅನ್ನುವವರು ಡ್ರ್ಯಾಗನ್‌ಕಿನ್, ಕೆಲವರು ಡ್ರಕೋನಿಕ್ ಅಂತಾರೆ. ಥೀರಿಯನ್ ಅಂದ್ರೆ ತೋಳ, ಚಿರತೆ ಹೀಗೆ ಭೂಮಿಯಲ್ಲಿ ನಿಜವಾಗಿ ಇರುವ ಪ್ರಾಣಿಯ ಜೊತೆ ಗುರುತಿಸಿಕೊಳ್ಳುವವರು. ಫರಿ ಅಂದ್ರೆ ಬೇರೆಯೇ, ಅದು ಪ್ರಾಣಿ ಪಾತ್ರಗಳ ಕಲೆ, ವೇಷ ಇಷ್ಟಪಡುವ ಹವ್ಯಾಸದ ಬಳಗ. ಒಬ್ಬರೇ ಎರಡೂ ಆಗಿರ್ಬಹುದು, ಆದ್ರೆ ಎರಡೂ ಒಂದೇ ಅಲ್ಲ. ಯಾವ ಜೀವಿ ಅಂತ ಗುರುತಿಸಿಕೊಳ್ತಾರೋ ಅದು ಕಿನ್‌ಟೈಪ್, ಅದು ಹೌದು ಅಂತ ಮೊದ್ಲು ಮನವರಿಕೆ ಆದ ಕಾಲ ಅವೇಕನಿಂಗ್, ಕೆಲವು ಹೊತ್ತು ಆ ಭಾವನೆ ಜೋರಾಗಿ ಬೆನ್ನಲ್ಲಿ ರೆಕ್ಕೆ ಉಂಟು, ಹಿಂದೆ ಬಾಲ ಉಂಟು ಅಂತ ಅನ್ನಿಸುದು ಶಿಫ್ಟ್.

ಇದೆಲ್ಲ ನಿನ್ನೆ ಮೊನ್ನೆ ರೀಲ್ಸಲ್ಲಿ ಹುಟ್ಟಿದ್ದಲ್ಲ. 1990ರ ದಶಕದ ಶುರುವಿಗೇ ಮೇಲಿಂಗ್ ಲಿಸ್ಟುಗಳಲ್ಲಿ, ಯೂಸ್‌ನೆಟ್ ಅನ್ನುವ ಹಳೇ ಚರ್ಚಾ ವ್ಯವಸ್ಥೆಯಲ್ಲಿ ಈ ಗುಂಪುಗಳು ಇದ್ವು, ಆಲ್ಟ್.ಫ್ಯಾನ್.ಡ್ರ್ಯಾಗನ್ಸ್ ಅಂತ ಡ್ರ್ಯಾಗನ್‌ಗಳಿಗೇ ಒಂದು ಗ್ರೂಪು. ಇದು ಕಾಯಿಲೆಯಾ ಅಂತ ಕೇಳ್ತಾರೆ. ಅಲ್ಲ, ಅದರ್‌ಕಿನ್ ಅನ್ನುದು ಯಾವ ರೋಗದ ಹೆಸರೂ ಅಲ್ಲ, ಹೆಚ್ಚಿನವರಿಗೆ ತಮ್ಮ ದೇಹ ಮನುಷ್ಯನದ್ದು ಅಂತ ಚೆನ್ನಾಗಿ ಗೊತ್ತಿರ್ತದೆ, ಕೆಲಸ ಮಾಡ್ತಾರೆ, ಇಎಂಐ ಕಟ್ತಾರೆ. ಹುಲಿವೇಷದ ಹಾಗಾ ಅಂತ ಇನ್ನೊಂದು ಪ್ರಶ್ನೆ. ಅದೂ ಅಲ್ಲ, ಹುಲಿವೇಷ ಹರಕೆ, ಕಲೆ, ನವರಾತ್ರಿ ಮುಗಿದ ಮೇಲೆ ಬಣ್ಣ ತೊಳೆದ್ರೆ ಆಯ್ತು.

1. ಯಾರಿಗೆ, ಎಂತಕ್ಕೆ ಅಂತ ಮೊದ್ಲು ಬರೆದಿಡಿ

ಕೋಡು ಮುಟ್ಟುವ ಮೊದ್ಲು ಒಂದು ಪುಟ ಬರೀರಿ. ಡ್ರ್ಯಾಗನ್‌ಕಿನ್ ಮಾತ್ರವಾ, ಥೀರಿಯನ್‌ಗಳಿಗೂ ಬಾಗಿಲು ತೆರೆದಿದ್ಯಾ, ಸುಮ್ನೆ ಡ್ರ್ಯಾಗನ್ ಇಷ್ಟ ಅನ್ನುವವರು ಬರ್ಬಹುದಾ, ಪಾತ್ರ ಕಟ್ಟಿ ಆಡುವ ರೋಲ್‌ಪ್ಲೇಯವರು? ನನ್ನ ಅಭಿಪ್ರಾಯ ಕೇಳಿದ್ರೆ ಇಷ್ಟಪಡುವವರು ಬರ್ಲಿ, ಆದ್ರೆ ಪ್ರೊಫೈಲಲ್ಲಿ "ಸ್ನೇಹಿತ" ಅಂತ ಬೇರೆ ಗುರುತು ಇರ್ಲಿ, ಮ್ಯಾಪಲ್ಲಿ ಅವ್ರು ಬೇಡ. ರೋಲ್‌ಪ್ಲೇಗೆ ಒಂದು ಕೋಣೆ ಪ್ರತ್ಯೇಕ ಕೊಡಿ, ಇಲ್ಲಾಂದ್ರೆ ಎಲ್ಲ ಒಟ್ರಾಶಿ ಆಗಿ ಯಾರು ಮನಸ್ಸಿಂದ ಹೇಳ್ತಿದ್ದಾರೆ ಯಾರು ಆಟ ಆಡ್ತಿದ್ದಾರೆ ಅಂತ ಗೊತ್ತಾಗುದಿಲ್ಲ, ಎರಡೂ ಕಡೆಯವರಿಗೆ ಬೇಜಾರು.

ನಮ್ಮೂರಿಗೇ ಬೇಕಾದ ಒಂದು ನಿಯಮ ಉಂಟು, ಹೊರಗಿನ ಬಳಗಗಳ ನಿಯಮ ಕಾಪಿ ಹೊಡೆದ್ರೆ ಅದು ಸಿಗುದಿಲ್ಲ. ಇಲ್ಲಿ ನಾಗ, ದೈವ ಎಲ್ಲ ಕತೆಯಲ್ಲಿ ಇರುವಂತದ್ದಲ್ಲ, ಎಷ್ಟೋ ಕುಟುಂಬಗಳಿಗೆ ತಮ್ಮದೇ ಒಂದು ನಾಗಬನ, ತಂಬಿಲ, ಆಶ್ಲೇಷ ಬಲಿ, ನೇಮ ಅಂತ ಈಗಲೂ ನಡೀತಾ ಇರುವ ಆರಾಧನೆ. ಯಾರೋ ಒಬ್ಬ ಬಂದು ನಾನು ಇಂಥ ಜಾಗದ ನಾಗ ಅಂತ ಪ್ರೊಫೈಲ್ ಮಾಡಿ, ನಾಗನ ಕಲ್ಲಿನ ಫೋಟೋ ಡಿಪಿ ಹಾಕಿದ ಅಂತಿಟ್ಕೊಳ್ಳಿ, ಆ ಬನದವರಿಗೆ ಗೊತ್ತಾದ್ರೆ ನಿಮ್ಮ ಬಳಗ ಲಗಾಡಿ ಹೋಯ್ತು ಅಂತ್ಲೇ ಲೆಕ್ಕ, ಮತ್ತೆ ಅವ್ರು ಬೇಜಾರು ಮಾಡುದರಲ್ಲಿ ತಪ್ಪೂ ಇಲ್ಲ. ಅದಕ್ಕೆ ನೇರ ಬರೆದಿಡಿ: ಆರಾಧನೆ ನಡೆಯುವ ಯಾವ ನಾಗ, ದೈವ, ದೇವರ ಹೆಸರನ್ನೂ ತನ್ನ ಗುರುತು ಅಂತ ಹಾಕ್ಲಿಕ್ಕಿಲ್ಲ, ಬನ, ಸಾನ, ಕೋಲದ ಫೋಟೋ ಬಳಸ್ಲಿಕ್ಕಿಲ್ಲ. ತನ್ನದು ಸರ್ಪದ ಹಾಗಿರುವ ರೂಪ ಅಂತ ಒಬ್ಬರಿಗೆ ಅನ್ನಿಸಿದ್ರೆ ಅಷ್ಟನ್ನೇ ಬರೀಲಿ, ತೊಂದ್ರೆ ಇಲ್ಲ. ಕ್ರಿಶ್ಚಿಯನ್ ಮನೆಯ ಮಕ್ಕಳದ್ದು ಇನ್ನೊಂದು ತರ, ಬೈಬಲಿನ ಪ್ರಕಟನೆಯಲ್ಲಿ ಡ್ರ್ಯಾಗನ್ ಅಂದ್ರೆ ಸೈತಾನನೇ, ಹಾಗಾಗಿ ಮನೆಯಲ್ಲಿ ಗೊತ್ತಾದ್ರೆ ಅವ್ರಿಗೆ ಕಷ್ಟ ಜಾಸ್ತಿ. ಧರ್ಮದ ಚರ್ಚೆ ಬೇಕಾದವರು ಬೇರೆ ಕಡೆ ಮಾಡ್ಲಿ.

2. ಒಬ್ಬರೇ ಮಾಡ್ಲಿಕ್ಕೆ ಹೋಗ್ಬೇಡಿ

ಕಡಿಮೆ ಅಂದ್ರೆ ಮೂರು ಜನ ಬೇಕು. ಒಬ್ಬರು ತಾಂತ್ರಿಕ ಕೆಲಸಕ್ಕೆ, ಇಬ್ಬರು ಮಾಡರೇಟರ್, ಅಂದ್ರೆ ಬರುವ ಪೋಸ್ಟು, ದೂರು, ಹೊಸ ಸದಸ್ಯರನ್ನು ನೋಡಿಕೊಳ್ಳುವವರು. ಇಬ್ಬರೇ ಇದ್ದು ಜಗಳ ಆದ್ರೆ ತೀರ್ಮಾನ ಮಾಡ್ಲಿಕ್ಕೆ ಯಾರಿಲ್ಲ, ಪರೀಕ್ಷೆ ಬಂದ್ರೆ ಎರಡೂ ಜನ ಒಟ್ಟಿಗೆ ಮಾಯ. ಮೂವರೂ 18 ದಾಟಿರ್ಬೇಕು, ಮೂವರ ಲಾಗಿನ್‌ಗೂ ಎರಡು ಹಂತದ ಪರಿಶೀಲನೆ ಇರ್ಬೇಕು, ಪಾಸ್‌ವರ್ಡ್ ಹಾಕಿದ ಮೇಲೆ ಫೋನಿನ ಆ್ಯಪಿಂದ ಇನ್ನೊಂದು ಕೋಡು ಕೇಳ್ತದಲ್ಲ ಅದು.

3. ಕಾನೂನು: ಓದ್ಲಿಕ್ಕೆ ಬೋರು, ಆದ್ರೆ ಓದಿ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಡಿಪಿಡಿಪಿ ಅಂತಾರೆ, ಅದರ ನಿಯಮಗಳು 2025ರ ನವೆಂಬರಲ್ಲಿ ಬಂದ್ವು, ಹೆಚ್ಚಿನ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಅದರ ಪ್ರಕಾರ ಜನರ ಮಾಹಿತಿ ತಗೊಳ್ಳುವ ನೀವು ಡೇಟಾ ಫಿಡ್ಯೂಶಿಯರಿ, ಅಂದ್ರೆ ಆ ಮಾಹಿತಿಗೆ ಹೊಣೆ ಹೊತ್ತವರು. ಎಂತಕ್ಕೆ ತಗೊಳ್ತೀರಿ ಅಂತ ಸರಳ ಭಾಷೆಯಲ್ಲಿ ಹೇಳಿ ಒಪ್ಪಿಗೆ ತಗೊಳ್ಬೇಕು, ವಾಪಸ್ ಅಳಿಸಿ ಅಂದ್ರೆ ಕಾನೂನಿಗೆ ಇಡಲೇಬೇಕಾದ್ದು ಬಿಟ್ಟು ಉಳಿದದ್ದು ಅಳಿಸ್ಬೇಕು. 18 ಆಗದವರೆಲ್ಲ ಈ ಕಾಯ್ದೆಗೆ ಮಕ್ಕಳೇ, ಅವ್ರ ಮಾಹಿತಿಗೆ ತಂದೆತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ತಪ್ಪಿದ್ರೆ ದಂಡದ ಮಿತಿ 200 ಕೋಟಿವರೆಗೆ ಉಂಟು. ಮನೆಯಲ್ಲಿ ಹೇಳ್ಲಿಕ್ಕೇ ಆಗದ ವಿಷಯಕ್ಕೆ ಅಪ್ಪ ಅಮ್ಮನ ಒಪ್ಪಿಗೆ ಯಾರು ತರ್ತಾರೆ? ಹಾಗಾಗಿ 18ಕ್ಕಿಂತ ಕೆಳಗಿನವರು ಬೇಡ, ಅಷ್ಟೇ. ಪಿಯುಸಿಯವರು ಬೇಜಾರು ಮಾಡ್ಬೇಡಿ, ನಿಮ್ಮ ಕ್ಷೇಮಕ್ಕೇ ಹೇಳುದು.

2021ರ ಐಟಿ ನಿಯಮಗಳ ಪ್ರಕಾರ ಬೇರೆಯವರು ಪೋಸ್ಟ್ ಮಾಡುವ ಜಾಗ ನಡೆಸುವವರು ಒಬ್ಬ ದೂರು ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟ ಮಾಡ್ಬೇಕು, ದೂರು ಬಂದ್ರೆ 24 ಗಂಟೆ ಒಳಗೆ ಸಿಕ್ತು ಅಂತ ತಿಳಿಸ್ಬೇಕು. ಇಲ್ಲಿ ಹೆಚ್ಚಿನವರು ನಿಲ್ತಾರೆ, ಎಂತಕ್ಕೆ ಅಂದ್ರೆ ನಿಜ ಹೆಸರು ಹಾಕ್ಬೇಕು. ನಿಮಗೆ ಅಥವಾ ತಂಡದಲ್ಲಿ ಒಬ್ಬರಿಗಾದ್ರೂ ಅದಕ್ಕೆ ಧೈರ್ಯ ಇಲ್ಲದಿದ್ರೆ ಸ್ವಂತ ವೆಬ್‌ಸೈಟ್ ಬೇಡ, ಈಗಾಗ್ಲೇ ಇರುವ ಯಾವುದಾದ್ರೂ ಚಾಟ್ ಸೇವೆಯಲ್ಲಿ ಮುಚ್ಚಿದ ಗುಂಪು ಮಾಡಿ, ಮ್ಯಾಪಿನ ಬದ್ಲು ತಾಲೂಕಿನ ಟ್ಯಾಗು ಇಡಿ. ಇದರಲ್ಲಿ ಮರ್ಯಾದೆ ಹೋಗುದು ಎಂತ ಇಲ್ಲ. ಅದೇ ನಿಯಮದಲ್ಲಿ ಸದಸ್ಯ ಖಾತೆ ಮುಚ್ಚಿದ ಮೇಲೂ ನೋಂದಣಿ ಮಾಹಿತಿ 180 ದಿನ ಇಟ್ಕೊಳ್ಬೇಕು ಅಂತ ಉಂಟು. ಅದಕ್ಕೇ ನೋಂದಣಿಯಲ್ಲಿ ಇಮೇಲ್ ಬಿಟ್ಟು ಆಳನ್ನು ಗುರುತು ಹಿಡಿಯುವಂತದ್ದು ಬೇರೆ ಎಂತದೂ ಕೇಳ್ಬೇಡಿ, ಇಲ್ಲದ್ದನ್ನು ಇಟ್ಕೊಳ್ಳುವ ರಗಳೆ ಇಲ್ಲ.

ಮ್ಯಾಪ್ ಮಾಡುವವರಿಗೆ ಮಾತ್ರ ಇರುವ ಇನ್ನೊಂದು ಕಾನೂನು 1961ರ ಕ್ರಿಮಿನಲ್ ಲಾ ತಿದ್ದುಪಡಿ ಕಾಯ್ದೆ. ಸರ್ವೇ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ. ಓಪನ್‌ಸ್ಟ್ರೀಟ್‌ಮ್ಯಾಪ್ ಗಡಿಗಳನ್ನು ನೆಲದ ಮೇಲೆ ಯಾರ ಹಿಡಿತದಲ್ಲಿ ಉಂಟೋ ಹಾಗೆ ತೋರಿಸ್ತದೆ, ಜಮ್ಮು ಕಾಶ್ಮೀರ ನಮ್ಮ ಅಧಿಕೃತ ನಕ್ಷೆಯ ಹಾಗೆ ಕಾಣುದಿಲ್ಲ. ಡ್ರ್ಯಾಗನ್ ಅಂತ ಟ್ರೋಲ್ ಮಾಡ್ಲಿಕ್ಕೆ ಬಂದವನಿಗೆ ಇದು ಸಿಕ್ಕಿದ್ರೆ ನಿಮ್ಮನ್ನು ದೇಶದ್ರೋಹಿ ಮಾಡಿಯೇ ಬಿಡ್ತಾನೆ. ಪರಿಹಾರ ಸುಲಭ, ಮುಂದಿನ ಮ್ಯಾಪಿನ ಹಂತದಲ್ಲಿ ಹೇಳ್ತೇನೆ.

4. ಪ್ರೊಫೈಲಲ್ಲಿ ಎಂತ ಇರ್ಬೇಕು, ಎಂತ ಇರ್ಲೇಬಾರ್ದು

ಇದು ಗಮ್ಮತ್ತಿನ ಭಾಗ. ಡ್ರ್ಯಾಗನ್ ಹೆಸರು, ರೂಪ, ಬಣ್ಣ, ಚರ್ಮ ಪೊರೆಯದ್ದಾ ತುಪ್ಪಳದ್ದಾ ಗರಿಯದ್ದಾ, ಕೊಂಬು, ಬಾಲ, ಉಸಿರು ಬೆಂಕಿಯಾ ಮಂಜಾ, ಯಾವ ತರದ ಜಾಗ ಮನೆ ಅನ್ನಿಸ್ತದೆ. ರೂಪಕ್ಕೆ ಪಟ್ಟಿ ಕೊಡಿ: ನಾಲ್ಕು ಕಾಲು ಎರಡು ರೆಕ್ಕೆಯ ಪಾಶ್ಚಾತ್ಯ ಡ್ರ್ಯಾಗನ್, ಎರಡೇ ಕಾಲಿನ ವೈವರ್ನ್, ರೆಕ್ಕೆ ಇಲ್ಲದ ಡ್ರೇಕ್, ಉದ್ದ ಮೈಯ ಪೂರ್ವದ ಡ್ರ್ಯಾಗನ್. ಆದ್ರೆ ಪಟ್ಟಿಯ ಕೊನೆಗೆ "ಇತರೆ" ಅಂತ ಖಾಲಿ ಜಾಗ ಬಿಡದಿದ್ರೆ ಮೊದಲ ದಿನವೇ ಜಗಳ. "ಇನ್ನೂ ಗೊತ್ತಿಲ್ಲ" ಅಂತಲೂ ಒಂದು ಆಯ್ಕೆ ಬೇಕು, ತುಂಬಾ ಜನ ಹುಡುಕಾಟದಲ್ಲೇ ಇರ್ತಾರೆ.

ಹಳೇ ಯೂಸ್‌ನೆಟ್ ಡ್ರ್ಯಾಗನ್‌ಗಳು ಇದಕ್ಕೇ ಡ್ರ್ಯಾಗನ್ ಕೋಡ್ ಅಂತ ಮಾಡಿದ್ರು, ತಳಿ, ಉದ್ದ, ರೆಕ್ಕೆ, ಬಣ್ಣ ಎಲ್ಲವನ್ನೂ ಚುಟುಕು ಅಕ್ಷರಗಳಲ್ಲಿ ಒಂದು ಸಾಲಿಗೆ ತುಂಬಿಸಿ ಮೆಸೇಜಿನ ಕೊನೆಗೆ ಹಾಕುದು. ಬೇಕಾದವರಿಗೆ ಅದನ್ನು ಹಾಕ್ಲಿಕ್ಕೆ ಒಂದು ಖಾನೆ ಇಡಿ, ಕಡ್ಡಾಯ ಬೇಡ.

ಕನ್ನಡ, ತುಳು, ಕೊಂಕಣಿ, ಬ್ಯಾರಿ ಅಂತ ಭಾಷೆಯ ಖಾನೆ ಇಟ್ರೆ ಜನ ಬೇಗ ಹತ್ತಿರ ಆಗ್ತಾರೆ, ಇಂಗ್ಲಿಷಲ್ಲಿ ಹೇಳ್ಲಿಕ್ಕೆ ಬಾರದ್ದು ಮನೆ ಭಾಷೆಯಲ್ಲಿ ಬರ್ತದೆ.

ಇನ್ನು ಬೇಡದ್ದು. ಹುಟ್ಟಿದ ತಾರೀಖು ಬೇಡ, "18 ದಾಟಿದೆ" ಅಂತ ಒಂದು ಟಿಕ್ ಸಾಕು. ಕಾಲೇಜಿನ ಹೆಸರು ಬೇಡ. ಫೋನ್ ನಂಬರ್ ಬೇಡವೇ ಬೇಡ. ಸರ್‌ನೇಮ್ ಬೇಡ, ನಮ್ಮಲ್ಲಿ ಸರ್‌ನೇಮ್ ಕಂಡ ಕೂಡ್ಲೇ ಜಾತಿ ಗೊತ್ತಾಗ್ತದೆ, ಜಾತಿಯ ಜೊತೆ ಊರು ಸೇರಿದ್ರೆ ಮನೆ ಗೊತ್ತಾಗ್ತದೆ. ಯಾವ ನಂಬರಿನ ಸಿಟಿ ಬಸ್ಸಲ್ಲಿ ಹೋಗ್ತೇನೆ ಅಂತ ಕೂಡ ಜನ ಸುಮ್ನೆ ಬರೀತಾರೆ, ಮಾಡರೇಟರ್ ಕಂಡ್ರೆ ಮೆಲ್ಲ ಹೇಳಿ ತೆಗೆಸಿ.

ಫೋಟೋ ಬಗ್ಗೆ ಎಚ್ಚರ. ಮೊಬೈಲಲ್ಲಿ ತೆಗೆದ ಫೋಟೋದ ಒಳಗೆ ಎಕ್ಸಿಫ್ ಅಂತ ಅಡಗಿದ ಮಾಹಿತಿ ಇರ್ತದೆ, ಲೊಕೇಶನ್ ಆನ್ ಇದ್ರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶವೇ ಅದ್ರಲ್ಲಿ ಕೂತಿರ್ತದೆ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಹೋಗ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಹಾಗೇ ಉಳೀತದೆ. ನಿಮ್ಮ ಸರ್ವರಿಗೆ ಫೋಟೋ ಬಂದ ಕೂಡ್ಲೇ ಎಕ್ಸಿಫ್ ಅಳಿಸುವ ಹಾಗೆ ಮಾಡಿ, ಸದಸ್ಯರ ಮೇಲೆ ಬಿಡ್ಬೇಡಿ. ಮುಖದ ಫೋಟೋ ಬದ್ಲು ಚಿತ್ರ ಹಾಕ್ಲಿ, ಆದ್ರೆ ಇನ್‌ಸ್ಟಾದಲ್ಲಿ ತಮ್ಮ ನಿಜ ಹೆಸರಲ್ಲಿ ಹಾಕಿದ ಅದೇ ಚಿತ್ರ ಅಲ್ಲ, ಚಿತ್ರ ಕೊಟ್ಟು ಹುಡುಕುವ ಸೌಲಭ್ಯ ಎಲ್ಲರ ಕೈಯಲ್ಲೂ ಉಂಟು.

ಕನ್ನಡದಲ್ಲಿ ಯೂಸರ್‌ನೇಮ್ ಬಿಡ್ತೀರಾದ್ರೆ ಒಂದು ಗುಂಡಿ ಉಂಟು. ಕನ್ನಡ ಟೈಪಿಂಗಲ್ಲಿ ಕಣ್ಣಿಗೆ ಕಾಣದ ಅಕ್ಷರಗಳು ಇರ್ತವೆ, ಜೀರೋ ವಿಡ್ತ್ ಜಾಯ್ನರ್, ನಾನ್ ಜಾಯ್ನರ್ ಅಂತ, ಒತ್ತು ಹೇಗೆ ಕೂರ್ಬೇಕು ಅಂತ ಹೇಳುವ ಗುರುತು. ಒಬ್ಬ ಅದನ್ನು ನಡುವೆ ತೂರಿಸಿ ನಿಮ್ಮ ಮಾಡರೇಟರ್ ಹೆಸರಿನದ್ದೇ ಇನ್ನೊಂದು ಐಡಿ ಮಾಡ್ಬಹುದು, ಎರಡೂ ಒಂದೇ ತರ ಕಾಣ್ತದೆ. ಹೆಸರು ಹೋಲಿಸುವಾಗ ಈ ಗುರುತುಗಳನ್ನು ತೆಗೆದು ಹೋಲಿಸಿ.

ಕೊನೆಗೆ, ಯಾರಿಗೆ ಎಷ್ಟು ಕಾಣ್ಬೇಕು ಅಂತ ಮೂರು ಮಟ್ಟ ಇಡಿ: ಎಲ್ಲರಿಗೆ, ಸದಸ್ಯರಿಗೆ, ತಾನು ಆರಿಸಿದವರಿಗೆ. ಹೊಸಬರಿಗೆ ತನ್ನಿಂತಾನೇ ಬರುವುದು ಮೂರನೆಯದ್ದು ಆಗಿರ್ಬೇಕು. ಗೂಗಲಲ್ಲಿ ಸಿಗದ ಹಾಗೆ ನೋಇಂಡೆಕ್ಸ್ ಹಾಕಿ.

5. ಮ್ಯಾಪು

ಈಗ ಮುಖ್ಯದ್ದು. ಮೊದ್ಲು ಕೇಳಿಕೊಳ್ಳಿ, ಮ್ಯಾಪು ಎಂತಕ್ಕೆ? "ನನ್ನ ಹತ್ತಿರದಲ್ಲಿ ನನ್ನ ಹಾಗೆ ಇನ್ನೊಬ್ಬರು ಇದ್ದಾರೆ" ಅಂತ ಗೊತ್ತಾಗ್ಲಿಕ್ಕೆ. ಅಷ್ಟಕ್ಕೆ ಮನೆ ಬೇಡ, ರಸ್ತೆ ಬೇಡ, ಊರೂ ಬೇಡ.

ಲೆಕ್ಕ ನೋಡಿ. ಅಕ್ಷಾಂಶದ ಒಂದು ಡಿಗ್ರಿ ಅಂದ್ರೆ ಸುಮಾರು 111 ಕಿಲೋಮೀಟರ್. ದಶಾಂಶದ ನಂತರ ಒಂದು ಅಂಕಿ ಇಟ್ರೆ 11 ಕಿಲೋಮೀಟರ್, ಎರಡು ಇಟ್ರೆ 1.1 ಕಿಲೋಮೀಟರ್, ನಾಲ್ಕು ಇಟ್ರೆ 11 ಮೀಟರ್, ಅಂದ್ರೆ ನಿಮ್ಮ ಮನೆಯ ಅಂಗಳ. ಫೋನು ಕೊಡುದು ಅದಕ್ಕಿಂತಲೂ ಜಾಸ್ತಿ ಅಂಕಿ. ಹಾಗಾದ್ರೆ ಒಂದೇ ಅಂಕಿಗೆ ರೌಂಡ್ ಮಾಡಿದ್ರೆ ಆಯ್ತಲ್ಲ ಅಂತೀರಿ, ಬೇರೆ ಕಡೆಯ ಮಾರ್ಗದರ್ಶಿಗಳಲ್ಲಿ ಹಾಗೇ ಬರ್ದಿರ್ತಾರೆ. ಮಂಗಳೂರು ಹೆಚ್ಚುಕಡಿಮೆ 12.87, 74.84. ರೌಂಡ್ ಮಾಡಿ, 12.9, 74.8. ಅದು ತಣ್ಣೀರುಬಾವಿಯ ಹತ್ರ ಸಮುದ್ರದ ಒಳಗೆ! ಉಡುಪಿಯದ್ದೂ ಅದೇ ಕತೆ, 13.3, 74.7 ಅಂದ್ರೆ ಅರಬ್ಬಿ ಸಮುದ್ರ. ಎಲ್ಲ ಡ್ರ್ಯಾಗನ್‌ಗಳೂ ನೀರಲ್ಲಿ ಮುಳುಗಿದ ಹಾಗೆ ಕಾಣ್ತದೆ, ನೋಡ್ಲಿಕ್ಕೆ ಕುಸಾಲು, ಉಪಯೋಗ ಇಲ್ಲ.

ಇನ್ನೊಂದು ಉಪಾಯ ಅಂತ ಹೇಳುದು ಜಿಟರ್, ಅಂದ್ರೆ ನಿಜ ಜಾಗದಿಂದ ಚುಕ್ಕೆಯನ್ನು ಅತ್ತಿತ್ತ ಸ್ವಲ್ಪ ಸರಿಸಿ ತೋರಿಸುದು. ಇದರಲ್ಲಿ ದೊಡ್ಡ ಮೋಸ ಉಂಟು. ಪ್ರತಿ ಸಲ ಪೇಜ್ ತೆರೆದಾಗ ಬೇರೆ ಬೇರೆ ಕಡೆ ಸರಿಸಿದ್ರೆ, ಒಬ್ಬ ಕೂತು ನೂರು ಸಲ ರೀಫ್ರೆಶ್ ಮಾಡಿ ಎಲ್ಲ ಚುಕ್ಕೆಗಳ ಸರಾಸರಿ ತೆಗೆದ್ರೆ ಮಧ್ಯದಲ್ಲಿ ನಿಮ್ಮ ಮನೆ ಬಂದು ಕೂರ್ತದೆ.

ಹಾಗಾಗಿ ನಾನು ಹೇಳುದು ಪಿನ್ನೇ ಬೇಡ, ಚುಕ್ಕೆಯೇ ಬೇಡ, ತಾಲೂಕಿಗೆ ಬಣ್ಣ ಹಚ್ಚಿ. ದಕ್ಷಿಣ ಕನ್ನಡದಲ್ಲಿ ಮಂಗಳೂರು, ಉಳ್ಳಾಲ, ಮೂಲ್ಕಿ, ಮೂಡುಬಿದಿರೆ, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ, ಕಡಬ. ಉಡುಪಿ ಜಿಲ್ಲೆಯಲ್ಲಿ ಉಡುಪಿ, ಕಾಪು, ಬ್ರಹ್ಮಾವರ, ಕುಂದಾಪುರ, ಬೈಂದೂರು, ಕಾರ್ಕಳ, ಹೆಬ್ರಿ. ಒಟ್ಟು 16. ಕಾಸರಗೋಡಿಗೆ ಒಂದು, ಬೆಂಗಳೂರಿಗೆ ಒಂದು, ಗಲ್ಫಿಗೆ ಒಂದು ಸೇರಿಸಿ, ನಮ್ಮವರು ಅರ್ಧ ಜನ ಅಲ್ಲೇ ಅಲ್ವಾ. ಸೇರುವವರು ಪಟ್ಟಿಯಿಂದ ತಾಲೂಕು ಆರಿಸ್ಲಿ. "ನನ್ನ ಲೊಕೇಶನ್ ಬಳಸು" ಅಂತ ಬಟನ್ ಇಡ್ಲೇಬೇಡಿ, ಬ್ರೌಸರ್ ಜಿಪಿಎಸ್ ಕೇಳ್ಲೇಬಾರ್ದು. ಕೇಳದ್ದು ನಿಮ್ಮ ಹತ್ರ ಇರುದಿಲ್ಲ, ಇಲ್ಲದ್ದು ಸೋರುದಿಲ್ಲ. ಪಿನ್‌ಕೋಡ್ ಕೇಳ್ತೇನೆ ಅನ್ನುವವರು ಮೊದಲ ಮೂರು ಅಂಕಿಗೆ ನಿಲ್ಲಿಸಿ: 575 ಮಂಗಳೂರು, 576 ಉಡುಪಿ ಕುಂದಾಪುರ ಕಡೆ, 574 ಪುತ್ತೂರು, ಬಂಟ್ವಾಳ, ಕಾರ್ಕಳ ಎಲ್ಲ. ಪೂರ್ತಿ ಆರು ಅಂಕಿ ಅಂದ್ರೆ ಒಂದು ಪೋಸ್ಟಾಫೀಸಿನ ವ್ಯಾಪ್ತಿ, ಪೋಸ್ಟ್‌ಮ್ಯಾನಿಗೆ ಎಲ್ಲರೂ ಗೊತ್ತು.

ಆಮೇಲೆ ಕನಿಷ್ಠ ಸಂಖ್ಯೆಯ ನಿಯಮ. ಒಂದು ತಾಲೂಕಲ್ಲಿ 5 ಜನ ಆಗುವವರೆಗೆ ಅದಕ್ಕೆ ಬಣ್ಣ ಬರ್ಬಾರ್ದು. ಕಡಬದಲ್ಲಿ ಇಬ್ಬರು ಇದ್ದಾರೆ ಅಂತಿಟ್ಕೊಳ್ಳಿ, ಅವ್ರು ಜಿಲ್ಲೆಯ ಲೆಕ್ಕಕ್ಕೆ ಹೋಗ್ಲಿ. ಐದು ಆದ ಮೇಲೂ ಸರಿಯಾದ ಸಂಖ್ಯೆ ತೋರಿಸ್ಬೇಡಿ, "5ರಿಂದ 10", "10ಕ್ಕಿಂತ ಹೆಚ್ಚು" ಅಂತ ತೋರಿಸಿ. ಮ್ಯಾಪನ್ನು ಆಗಾಗ ಅಲ್ಲ, ತಿಂಗಳಿಗೆ ಒಮ್ಮೆ ಮಾತ್ರ ಹೊಸತು ಮಾಡಿ. ಎಂತಕ್ಕೆ ಅಂದ್ರೆ ಇವತ್ತು ಒಬ್ಬ ಸೇರಿ "ಹಾಯ್ ಎಲ್ಲರಿಗೂ" ಅಂತ ಹಾಕಿದ, ಅದೇ ಗಂಟೆಗೆ ಸುಳ್ಯಕ್ಕೆ ಬಣ್ಣ ಬಂತು ಅಂದ್ರೆ ಅವ ಸುಳ್ಯದವ ಅಂತ ಹೇಳ್ಲಿಕ್ಕೆ ಪತ್ತೇದಾರಿ ಬೇಡ.

ಮಾಡುದು ಹೇಗೆ? ಕೋಡಿಂಗ್ ಬರುವವರಿಗೆ ಲೀಫ್‌ಲೆಟ್ ಅನ್ನುವ ಉಚಿತ ಜಾವಾಸ್ಕ್ರಿಪ್ಟ್ ಲೈಬ್ರರಿ ಉಂಟು, ತಾಲೂಕಿನ ಗಡಿಯನ್ನು ಜಿಯೋಜೇಸನ್ ಫೈಲಲ್ಲಿ ಕೊಟ್ರೆ, ಅಂದ್ರೆ ಗಡಿಯ ಬಿಂದುಗಳನ್ನು ಬರೆದಿಟ್ಟ ಒಂದು ಪಠ್ಯ ಫೈಲು, ಅದು ಆಕಾರ ಬಿಡಿಸಿ ಬಣ್ಣ ತುಂಬ್ತದೆ. ಕೋಡಿಂಗ್ ಬಾರದವರಿಗೆ ಯುಮ್ಯಾಪ್ ಅನ್ನುವ ಸೇವೆ ಉಂಟು, ಅದ್ರಲ್ಲಿ ಲಾಗಿನ್ ಆಗದೆ ಮಾಡಿದ ಮ್ಯಾಪಿನ ಎಡಿಟ್ ಲಿಂಕ್ ಯಾರ ಕೈಗೆ ಸಿಕ್ರೂ ಮ್ಯಾಪ್ ತಿದ್ದಬಹುದು, ಜೋಪಾನ. ಬಣ್ಣದ ಹಿಂದೆ ರಸ್ತೆ, ಕಟ್ಟಡ ತೋರಿಸುವ ಚೌಕ ಚಿತ್ರಗಳು, ಟೈಲ್ ಅಂತಾರೆ, ಅವು ನಿಮಗೆ ಬೇಡವೇ ಬೇಡ. ಖಾಲಿ ಹಿನ್ನೆಲೆ, 16 ಆಕಾರ, ಎಡಗಡೆ ನೀಲಿ ಸಮುದ್ರ, ಹೊರಗಿನ ಆ ಮೂರಕ್ಕೆ ಬದಿಯಲ್ಲಿ ಮೂರು ಪೆಟ್ಟಿಗೆ, ಅಷ್ಟು ಸಾಕು, ನೋಡ್ಲಿಕ್ಕೂ ಚಂದ. ಎರಡು ಜಿಲ್ಲೆ ಮಾತ್ರ ಇರುದ್ರಿಂದ ದೇಶದ ಗಡಿಯ ತಲೆಬಿಸಿಯೂ ಹೋಯ್ತು. ಇಡೀ ಭಾರತ ಬೇಕೇ ಬೇಕು ಅನ್ನುವವರು ಸರ್ವೇ ಆಫ್ ಇಂಡಿಯಾದ ಹೊರರೇಖೆಯನ್ನೇ ಬಳಸಿ, ಅಥವಾ ಮ್ಯಾಪ್‌ಬಾಕ್ಸಿನ ಹಾಗೆ ಭಾರತದ ಗಡಿ ದೃಷ್ಟಿಯ ಆಯ್ಕೆ ಇರುವ ಸೇವೆ ತಗೊಳ್ಳಿ. ಗಡಿಯ ಮಾಹಿತಿ ಓಪನ್‌ಸ್ಟ್ರೀಟ್‌ಮ್ಯಾಪಿಂದ ತಗೊಂಡಿದ್ರೆ ಅದರ ಲೈಸೆನ್ಸ್ ಪ್ರಕಾರ ಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರದ್ದು ಅಂತ ಹಾಕ್ಬೇಕು, ಮರೀಬೇಡಿ.

ಇಲ್ಲಿ ಬುದ್ಧಿವಂತರೇ ಬೀಳುವ ಹಳ್ಳ: ಪರದೆಯಲ್ಲಿ ತಾಲೂಕು ಮಾತ್ರ ತೋರಿಸಿ, ಹಿಂದಿನಿಂದ ಬ್ರೌಸರಿಗೆ ಕಳಿಸುವ ಡೇಟಾದಲ್ಲಿ ಪ್ರತಿ ಸದಸ್ಯರ ಹೆಸರು, ಜಾಗ ಎಲ್ಲ ತುಂಬಿಸಿ ಕಳಿಸಿರ್ತಾರೆ. ಕಂಪ್ಯೂಟರಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಅನ್ನುವ ಭಾಗ ನೋಡಿದ್ರೆ ಸಾಕು, ಎಲ್ಲ ಬಯಲು. ಲೆಕ್ಕ ಸರ್ವರಲ್ಲೇ ಆಗಿ, ಹೊರಗೆ ಬರುದು ತಾಲೂಕು ಮತ್ತು ಬಣ್ಣ ಮಾತ್ರ ಆಗಿರ್ಬೇಕು. ಬಿಡುಗಡೆ ಮಾಡುವ ಮೊದ್ಲು ನೀವೇ ಎಫ್12 ಒತ್ತಿ ನೋಡಿ, ನಂತರ ಬಳಗದ ಹೊರಗಿನ ಕಂಪ್ಯೂಟರ್ ಗೊತ್ತಿರುವ ಒಬ್ಬರ ಹತ್ರ "ಇದ್ರಲ್ಲಿ ಯಾರು ಎಲ್ಲಿದ್ದಾರೆ ಕಂಡುಹಿಡಿ" ಅಂತ ಕೊಡಿ.

ಯಾರಿಗಾದ್ರೂ ಹತ್ತಿರದವರ ಜೊತೆ ಮಾತಾಡ್ಬೇಕು ಅಂದ್ರೆ ಬಣ್ಣದ ಮೇಲೆ ಒತ್ತಿದಾಗ ಹೆಸರುಗಳ ಪಟ್ಟಿ ಬರುದು ಬೇಡ, "ಈ ತಾಲೂಕಿನವರಿಗೆ ಒಂದು ಸಂದೇಶ" ಅಂತ ಪೆಟ್ಟಿಗೆ ಬರ್ಲಿ. ಅದು ಆ ತಾಲೂಕಿನವರಿಗೆ ಹೋಗ್ತದೆ, ಮನಸ್ಸಿದ್ದವರು ಉತ್ತರ ಕೊಡ್ತಾರೆ, ಇಲ್ಲದವರು ಇದ್ದಾರೆ ಅಂತಲೂ ಗೊತ್ತಾಗುದಿಲ್ಲ.

6. ಸರ್ವರು ಗಿರ್ವರು

ಬೇಗ ಮುಗಿಸ್ತೇನೆ. ಸಣ್ಣ ಬಾಡಿಗೆ ಸರ್ವರ್ ಸಾಕು. ಎಚ್‌ಟಿಟಿಪಿಎಸ್‌ಗೆ, ಅಂದ್ರೆ ನಡುವಿನವರು ಓದದ ಹಾಗೆ ಬೀಗ ಹಾಕಿದ ಸಂಪರ್ಕಕ್ಕೆ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಉಚಿತ ಸರ್ಟಿಫಿಕೇಟ್ ಕೊಡ್ತದೆ, ತನ್ನಿಂತಾನೇ ನವೀಕರಣ ಆಗುವ ಹಾಗೆ ಇಡಿ. ಪಾಸ್‌ವರ್ಡನ್ನು ಹಾಗೇ ಇಡ್ಬೇಡಿ, ಆರ್ಗಾನ್2 ಅಥವಾ ಬಿಕ್ರಿಪ್ಟ್ ಹ್ಯಾಶ್ ಮಾಡಿ, ಅಂದ್ರೆ ತಿರುಗಿ ಓದ್ಲಿಕ್ಕೆ ಆಗದ ರೂಪಕ್ಕೆ ಬದಲಾಯಿಸಿ ಇಡಿ. ಡೊಮೈನ್, ಅಂದ್ರೆ ವೆಬ್‌ಸೈಟಿನ ವಿಳಾಸದ ಹೆಸರು, ತಗೊಳ್ಳುವಾಗ ನಿಮ್ಮ ಹೆಸರು ವಿಳಾಸ ಹೊರಗೆ ಕಾಣ್ತದಾ ಅಂತ ಮೊದ್ಲು ಕೇಳಿ. ಬ್ಯಾಕಪ್ ಇರ್ಲಿ, ಆದ್ರೆ ಲಾಕ್ ಮಾಡಿದ್ದಿರ್ಲಿ, ಪೆನ್‌ಡ್ರೈವಲ್ಲಿ ಹಾಕಿ ಹಾಸ್ಟೆಲ್ ರೂಮಿನ ಮೇಜಿನ ಮೇಲೆ ಅಲ್ಲ.

7. ಸೇರಿಸಿಕೊಳ್ಳುದು, ನೋಡಿಕೊಳ್ಳುದು

ಬಂದವರನ್ನೆಲ್ಲ ನೇರ ಒಳಗೆ ಬಿಡ್ಬೇಡಿ. ಎರಡು ಮೂರು ಪ್ರಶ್ನೆ ಕೇಳಿ: ಎಂತಕ್ಕೆ ಸೇರ್ತೀರಿ, ನಿಯಮ ಓದಿದ್ರಾ, ನಾಗ ದೈವದ ನಿಯಮ ಎಂತ ಹೇಳ್ತದೆ. ಬಾಟುಗಳು, ಟ್ರೋಲುಗಳು ಅಲ್ಲೇ ನಿಲ್ತವೆ. ಆದ್ರೆ ಗ್ರಿಲ್ಲಿಂಗ್ ಬೇಡ. ಹಳೇ ಬಳಗಗಳಲ್ಲಿ ಹೊಸಬರನ್ನು ಕೂರಿಸಿ ನೀನು ನಿಜಕ್ಕೂ ಡ್ರ್ಯಾಗನ್ ಅಂತ ಎಂತ ಗ್ಯಾರಂಟಿ ಅಂತ ಪೊಲೀಸ್ ಸ್ಟೇಷನ್ ತರ ಪ್ರಶ್ನೆ ಕೇಳುದಿತ್ತು, ಅದಕ್ಕೆ ಆ ಹೆಸರು. ನಿಮ್ಮ ಕೆಲಸ ಗುರುತು ಅಳೆಯುದಲ್ಲ, ನಡತೆ ನೋಡುದು.

ಮೂರು ತರದವರ ಮೇಲೆ ಕಣ್ಣಿಡಿ. ಒಂದು, ನಾನು ಹಿರಿಯ ಡ್ರ್ಯಾಗನ್, ನೀವೆಲ್ಲ ನನ್ನ ಕೆಳಗೆ ಅಂತ ಗುರು ಆಗ್ಲಿಕ್ಕೆ ಹೊರಡುವವರು. ಎರಡು, ಅವೇಕನಿಂಗ್ ಮಾಡಿಸ್ತೇನೆ, ಪೂರ್ವಜನ್ಮ ನೋಡಿ ಹೇಳ್ತೇನೆ ಅಂತ ಜೀಪೇ ನಂಬರ್ ಕೊಡುವವರು. ಇವರನ್ನು ಎಚ್ಚರಿಕೆ ಗಿಚ್ಚರಿಕೆ ಇಲ್ಲದೆ ಹೊರಗೆ ಹಾಕಿ, ಯಾರ ದುಡ್ಡಾದ್ರೂ ಹೋಗಿದ್ರೆ 1930ಕ್ಕೆ ಕೂಡ್ಲೇ ಫೋನ್ ಮಾಡ್ಲಿಕ್ಕೆ ಹೇಳಿ, ಸೈಬರ್ ವಂಚನೆಯ ಸಹಾಯವಾಣಿ ಅದು, ತಡ ಆದಷ್ಟು ದುಡ್ಡು ಸಿಗುದು ಕಷ್ಟ. ಮೂರು, ಸ್ಕ್ರೀನ್‌ಶಾಟ್ ತೆಗೆದು ಟ್ರೋಲ್ ಪೇಜಿಗೆ ಕೊಡುವವರು. ಇವರನ್ನು ಪೂರ್ತಿ ತಡೀಲಿಕ್ಕೆ ಯಾವ ಸಾಫ್ಟ್‌ವೇರಿಂದಲೂ ಆಗುದಿಲ್ಲ, ಅದಕ್ಕೇ ಪ್ರೊಫೈಲಲ್ಲಿ ಇವೆಲ್ಲ ಬೇಡ ಅಂತ ಮೇಲೆ ಅಷ್ಟು ಪಿರಿಪಿರಿ ಮಾಡಿದ್ದು. ಸ್ಕ್ರೀನ್‌ಶಾಟಲ್ಲಿ ನೀಲಿ ವೈವರ್ನ್ ಮಾತ್ರ ಇದ್ರೆ ನಗಾಡಿ ಸುಮ್ಮನಾಗ್ತಾರೆ, ಮನೆ ಹೆಸರು ಇದ್ರೆ ಬಿಡುದಿಲ್ಲ.

ಒಬ್ಬರು ತೀರಾ ಬೇಜಾರಲ್ಲಿದ್ದಾರೆ, ನಿದ್ದೆ ಇಲ್ಲ, ತನ್ನ ದೇಹದ ಬಗ್ಗೆ ಸಹಿಸ್ಲಿಕ್ಕಾಗದ ಸಂಕಟ ಅಂತ ಬರೆದ್ರೆ ಮಾಡರೇಟರ್ ಡಾಕ್ಟ್ರಾಗ್ಲಿಕ್ಕೆ ಹೋಗ್ಬೇಡಿ. ಟೆಲಿ ಮಾನಸ್ 14416, ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ, ಆ ನಂಬರನ್ನು ಎಲ್ಲ ಪುಟದ ಕೆಳಗೆ ಹಾಕಿಡಿ. ಜೀವ ತೆಗೆದುಕೊಳ್ಳುವ ಮಾತೋ, ಎತ್ತರದಿಂದ ಹಾರಿ ನೋಡ್ತೇನೆ ಅನ್ನುವ ಮಾತೋ ಬಂದ್ರೆ ಅದು ಚರ್ಚೆಯ ವಿಷಯ ಅಲ್ಲ, 112ಕ್ಕೆ ಫೋನ್ ಮಾಡಿ, ಅವರ ನಂಬುಗೆಯ ಒಬ್ಬರನ್ನು ಹುಡುಕಿ. ಇದೊಂದಕ್ಕೋಸ್ಕರ ಮಾತ್ರ, ಸೇರಿದ ಮೇಲೆ ತುಂಬುವ ಹಾಗೆ, "ತುರ್ತಿಗೆ ಯಾರಿಗೆ ತಿಳಿಸ್ಬೇಕು" ಅಂತ ಒಂದು ಖಾನೆ ಐಚ್ಛಿಕವಾಗಿ ಇಡಬಹುದು, ಅದು ಮಾಡರೇಟರಿಗೆ ಮಾತ್ರ ಕಾಣುವ ಹಾಗೆ.

8. ಎದುರೆದುರು ಭೇಟಿ

ಆರು ತಿಂಗಳಾಗ್ಲಿ, ಮುಖ್ಯ ಜನರ ಪರಿಚಯ ಆಗ್ಲಿ, ಆಮೇಲೆ ನೋಡುವ. ಹಗಲು ಹೊತ್ತು, ಜನ ಇರುವ ಜಾಗ: ಕದ್ರಿ ಪಾರ್ಕ್, ಮಣಿಪಾಲದ ಎಂಡ್ ಪಾಯಿಂಟ್, ಯಾವುದಾದ್ರೂ ಐಸ್‌ಕ್ರೀಮ್ ಅಂಗಡಿ, ಗಡ್‌ಬಡ್ ತಿನ್ಲಿಕ್ಕೆ ಡ್ರ್ಯಾಗನ್ ಆದ್ರೇನು ಮನುಷ್ಯ ಆದ್ರೇನು. ಮಲ್ಪೆ, ಪಣಂಬೂರು ಬೀಚ್ ಒಳ್ಳೇದೇ, ಆದ್ರೆ ಜೂನಿಂದ ಸೆಪ್ಟೆಂಬರ್ ಮಳೆಗಾಲದಲ್ಲಿ ಸಮುದ್ರದ ಹತ್ರ ಬೇಡ, ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟೂ ಇರುದಿಲ್ಲ. ಜಾಗ ಯಾವುದು ಅಂತ ಬರುವವರಿಗೆ ಮಾತ್ರ ಹಿಂದಿನ ದಿನ ತಿಳಿಸಿ. ರೆಕ್ಕೆ, ಮುಖವಾಡ ಎಲ್ಲ ಮೊದಲ ಭೇಟಿಗೆ ಬೇಡ. ಮತ್ತೆ ನಮ್ಮೂರಲ್ಲಿ ಹುಡುಗ ಹುಡುಗಿ ಒಟ್ಟಿಗೆ ಕೂತ್ರೆ ಬಂದು ವಿಚಾರಿಸುವ ಗುಂಪುಗಳು ಇರುದು ಗೊತ್ತಿರುವಂತದ್ದೇ, ಅದಕ್ಕೇ ಐದಾರು ಜನ ಇರ್ಲಿ, ಮೂಲೆಯ ಜಾಗ ಬೇಡ, ಯಾರಾದ್ರೂ ಕೇಳಿದ್ರೆ ಚಿತ್ರ ಬಿಡಿಸುವವರ ಗುಂಪು ಅಂದ್ರೆ ಸುಳ್ಳೂ ಅಲ್ಲ, ಹೆಚ್ಚಿನವರು ಬಿಡಿಸ್ತಾರೆ. ಗ್ರೂಪ್ ಫೋಟೋ ತೆಗಿಯುದಾದ್ರೆ ಎಲ್ಲರನ್ನೂ ಕೇಳಿ, ಒಬ್ಬರು ಬೇಡ ಅಂದ್ರೂ ಇಲ್ಲ. ಕುಂದಾಪುರ, ಸುಳ್ಯ ಕಡೆಯವರಿಗೆ ಕತ್ತಲಾಗುವ ಮೊದ್ಲು ಮನೆ ಮುಟ್ಟುವ ಹಾಗೆ ಸಮಯ ಇಡಿ.

9. ನಿಲ್ಲಿಸುವಾಗ

ಇದನ್ನು ಯಾರೂ ಕೇಳುದಿಲ್ಲ, ಆದ್ರೆ ಸಣ್ಣ ಬಳಗಗಳು ಯಾವತ್ತಾದ್ರೂ ನಿಲ್ತವೆ, ನಡೆಸುವವರಿಗೆ ಕೆಲಸ ಸಿಗ್ತದೆ, ಮದುವೆ ಆಗ್ತದೆ, ದುಬೈಗೆ ಹೋಗ್ತಾರೆ. ಬೇರೆಯವರಿಗೆ ವಹಿಸಿ ಕೊಡುದಾದ್ರೆ ಸದಸ್ಯರಿಗೆ ಮೊದ್ಲೇ ಹೇಳಿ, ಹೊಸಬರು ಬೇಡ ಅನ್ನುವವರಿಗೆ ಅಳಿಸ್ಲಿಕ್ಕೆ ಅವಕಾಶ ಕೊಡಿ. ಪೂರ್ತಿ ನಿಲ್ಲಿಸುದಾದ್ರೆ ಒಂದು ತಿಂಗಳ ಸಮಯ ಕೊಟ್ಟು, ತಮ್ಮ ಪ್ರೊಫೈಲ್ ಡೌನ್‌ಲೋಡ್ ಮಾಡ್ಲಿಕ್ಕೆ ಬಟನ್ ಇಟ್ಟು, ಮೊದ್ಲು ಮ್ಯಾಪ್ ತೆಗೀರಿ, ನಂತರ ಪ್ರೊಫೈಲು. ನಿಯಮಕ್ಕೆ ಇಡಲೇಬೇಕಾದ ಆ ನೋಂದಣಿ ಇಮೇಲುಗಳನ್ನು ಲಾಕ್ ಮಾಡಿದ ಒಂದೇ ಫೈಲಲ್ಲಿಟ್ಟು 180 ದಿನ ಆದ ಮೇಲೆ ಅದನ್ನೂ ಹಳೇ ಬ್ಯಾಕಪ್‌ಗಳನ್ನೂ ಅಳಿಸಿ. ಡೊಮೈನನ್ನು ಮಾತ್ರ ಆ ಕೂಡ್ಲೇ ಬಿಟ್ಟುಬಿಡ್ಬೇಡಿ. ಅವಧಿ ಮುಗಿದ ಡೊಮೈನನ್ನು ಬೇರೆ ಯಾರೋ ತಗೊಂಡ್ರೆ ನಿಮ್ಮ ಹಳೇ ವಿಳಾಸಕ್ಕೆ ಬರುವ ಇಮೇಲೆಲ್ಲ ಅವರಿಗೆ ಹೋಗ್ತದೆ, ಸದಸ್ಯರು ಬರೆದದ್ದೂ ಸೇರಿ. ಇನ್ನೆರಡು ವರ್ಷದ ಫೀಸ್ ಕಟ್ಟಿ, ಅಲ್ಲಿ ಖಾಲಿ ಪುಟ ಇಟ್ಟು, ಆ ವಿಳಾಸದ ಇಮೇಲ್ ಕೊಟ್ಟು ತೆರೆದ ಬೇರೆ ಸೇವೆಗಳ ಖಾತೆಗಳಿಂದೆಲ್ಲ ಆ ಇಮೇಲನ್ನು ತೆಗೆದು ಹಾಕಿದ ಮೇಲೆಯೇ ಡೊಮೈನ್ ಬಿಡಿ.